1977 ಒಂದು ಬಣ್ಣವಲ್ಲ

ನೆಂಟರ ಮನೆಯಲ್ಲಿ ಮದುವೆ ಮುಗಿದ ಮರುದಿನ ಹುಡುಗನೊಬ್ಬ ತನ್ನ ಫೋನಿನಲ್ಲಿದ್ದ ಚಿತ್ರಗಳನ್ನು ತೋರಿಸುತ್ತಿದ್ದ. ಹಿಂದಿನ ದಿನ ನಾವೆಲ್ಲ ಊಟಕ್ಕೆ ಕುಳಿತಿದ್ದ ಚಿತ್ರವೊಂದು ಬಂತು. ಅದರ ಅಂಚು ಕಪ್ಪಾಗಿತ್ತು, ಬಿಳಿಗೋಡೆ ಹಳದಿಯಾಗಿತ್ತು, ಮುಖಗಳೆಲ್ಲ ಕೆಂಪು ಛಾಯೆಯಲ್ಲಿ ಮಾಸಿದ್ದವು. ಕಣ್ಣು ಮಂದವಾಗಿರುವ ಅಜ್ಜಿ ಅದನ್ನು ನೋಡಿ, "ಇದರಲ್ಲಿ ಈಗ ಯಾರೆಲ್ಲ ಬದುಕಿದ್ದಾರೆ ಮಗಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ಆದರೆ ಅಜ್ಜಿ ತಪ್ಪೇನೂ ಮಾಡಿರಲಿಲ್ಲ. ಆ ಚಿತ್ರ ಹೇಳುತ್ತಿದ್ದುದನ್ನೇ ಅವರು ನಂಬಿದ್ದರು.

ಹಳೆಯ ಬಣ್ಣದ ಫೋಟೋ ಮಾಸುವುದಕ್ಕೆ ಕಾರಣವಿದೆ. ಆ ಕಾಗದದಲ್ಲಿ ಹಸಿರುನೀಲಿ, ಕಡುಗುಲಾಬಿ ಮತ್ತು ಹಳದಿ ಬಣ್ಣಗಳ ಮೂರು ಪದರಗಳಿರುತ್ತವೆ. ಮೂರೂ ಒಂದೇ ವೇಗದಲ್ಲಿ ಅಳಿಯುವುದಿಲ್ಲ. 1970ರ ದಶಕದ ಅನೇಕ ಕಾಗದಗಳಲ್ಲಿ, ಆಲ್ಬಮಿನ ಕತ್ತಲಲ್ಲಿಟ್ಟರೂ, ಹಸಿರುನೀಲಿಯೇ ಮೊದಲು ಕರಗುತ್ತಿತ್ತು, ಉಳಿದದ್ದು ಕೆಂಪು. ಗೋಡೆಗೆ ತೂಗುಹಾಕಿದ ಚಿತ್ರ ಬಿಸಿಲಿಗೆ ಬೇರೆಯೇ ರೀತಿಯಲ್ಲಿ ಸೊರಗುತ್ತಿತ್ತು. ಅಂದರೆ ಒಂದು ಫೋಟೋ ಹೇಗೆ ಮಾಸಿದೆ ಎಂಬುದರಲ್ಲೇ ಅದು ಎಲ್ಲಿತ್ತು, ಹೇಗೆ ಬಾಳಿತು ಎಂಬ ಚರಿತ್ರೆ ಅಡಗಿರುತ್ತದೆ. ಮಾಸುವುದು ಕೊರತೆಯೇ ಹೌದು. ಆದರೆ ಅದು ವರ್ಷಗಳು ಸವೆದು ಬಂದ ಕೊರತೆ.

ಫೋನಿನ ಫಿಲ್ಟರ್ ಈ ಕೊರತೆಯನ್ನು ಒಂದು ಕ್ಷಣದಲ್ಲಿ ಕೊಡುತ್ತದೆ. ಗಾಢ ಕಪ್ಪನ್ನು ಬೂದಿಬಣ್ಣಕ್ಕೆ ಎತ್ತುತ್ತದೆ, ಬೆಳಕಿನ ಭಾಗಕ್ಕೆ ಹಳದಿ ಸೇರಿಸುತ್ತದೆ, ಅಗ್ಗದ ಮಸೂರದ ದೋಷವಾಗಿದ್ದ ಅಂಚಿನ ಕತ್ತಲನ್ನು ಬೇಕೆಂದೇ ತರುತ್ತದೆ. ಇದು ಬಂದ ಹೊತ್ತನ್ನು ಗಮನಿಸಬೇಕು. 2008ರಲ್ಲಿ ಪೋಲರಾಯ್ಡ್ ಕಂಪೆನಿ ತನ್ನ ದಿಢೀರ್ ಫಿಲ್ಮ್ ನಿಲ್ಲಿಸುವುದಾಗಿ ಹೇಳಿತು. 2009ರಲ್ಲಿ ಕೊಡಾಕ್, 1935ರಿಂದ ತಯಾರಿಸುತ್ತಿದ್ದ ಕೊಡಾಕ್ರೋಮ್ ಫಿಲ್ಮನ್ನು ಕೈಬಿಟ್ಟಿತು. ಅದೇ ವರ್ಷದ ಕೊನೆಗೆ ಹಿಪ್‌ಸ್ಟಮ್ಯಾಟಿಕ್ ಆ್ಯಪ್ ಬಂತು, 2010ರ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಮ್ ಬಂತು. ವಸ್ತು ಸತ್ತಿತು, ಅದರ ನೆರಳು ಮಾರುಕಟ್ಟೆಗೆ ಇಳಿಯಿತು.

ಇನ್‌ಸ್ಟಾಗ್ರಾಮಿನ ಮೊದಮೊದಲ ಫಿಲ್ಟರುಗಳಲ್ಲಿ ಒಂದರ ಹೆಸರೇ '1977'. ಚಿತ್ರಕ್ಕೆ ತೆಳುಗುಲಾಬಿ ಮಬ್ಬು ಕವಿಸುವುದು ಅದರ ಕೆಲಸ. ಆ ಆ್ಯಪ್ ಕಟ್ಟಿದ ಕೆವಿನ್ ಸಿಸ್ಟ್ರಂ ಮತ್ತು ಮೈಕ್ ಕ್ರೀಗರ್ ಇಬ್ಬರೂ ಹುಟ್ಟಿದ್ದು 1980ರ ದಶಕದಲ್ಲಿ. ತಾವು ಕಾಣದ ವರ್ಷಕ್ಕೆ ಅವರು ಒಂದು ಬಣ್ಣ ಕೊಟ್ಟರು, ಕೋಟ್ಯಂತರ ಜನ ಅದನ್ನು ಒಪ್ಪಿಕೊಂಡರು. ಆದರೆ ಆ 1977 ಯಾರದು? ನಮ್ಮ ಹೆಚ್ಚಿನ ಮನೆಗಳಲ್ಲಿ ಆ ಕಾಲದ ಫೋಟೋ ಇದ್ದರೆ ಅದು ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪುಬಿಳುಪಿನ ಚಿತ್ರ. ಈ ದೇಶಕ್ಕೆ 1977 ಎಂದರೆ ತುರ್ತುಪರಿಸ್ಥಿತಿ ಕೊನೆಗೊಂಡು, ಸೆರೆಮನೆಗಳಿಂದ ಜನ ಹೊರಬಂದ ವರ್ಷ. ಅರ್ಜೆಂಟೀನಾದಲ್ಲಿ ಅದೇ ವರ್ಷದ ಏಪ್ರಿಲ್ 30ರಂದು, ಸೈನಿಕ ಆಡಳಿತ ಎತ್ತಿಕೊಂಡು ಹೋಗಿದ್ದ ಮಕ್ಕಳನ್ನು ಕೇಳುತ್ತ ಕೆಲವು ತಾಯಂದಿರು ಬ್ಯೂನಸ್ ಐರಿಸ್‌ನ ಪ್ಲಾಜಾ ದೆ ಮಾಯೋ ಚೌಕದಲ್ಲಿ ನೆರೆದರು. ಮುಂದೆ ಆ ತಾಯಂದಿರು ತಮ್ಮ ಮಕ್ಕಳ ಫೋಟೋಗಳನ್ನು ಹಿಡಿದುಕೊಂಡೇ ಬೀದಿಗಿಳಿದರು. ಆ ಚಿತ್ರಗಳೂ ಮಾಸಿರಬಹುದು. ಆದರೆ ಅವು ಅಲಂಕಾರವಲ್ಲ, ಸಾಕ್ಷಿ. 'ಇವನು ಇದ್ದ, ಎಲ್ಲಿ?' ಎಂದು ಕೇಳುವ ಸಾಕ್ಷಿ.

ಹುಡುಗರ ಸಂತೋಷಕ್ಕೆ ಇಷ್ಟು ದೊಡ್ಡ ಆಕ್ಷೇಪವೇ ಎಂದು ಕೇಳಬಹುದು. ಮದುವೆಯೂಟದ ಚಿತ್ರ ಹಳದಿಯಾದರೆ ಯಾರಿಗೂ ನಷ್ಟವಿಲ್ಲ, ನಿಜ. ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. 2010ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಛಾಯಾಗ್ರಾಹಕ ಡೇಮನ್ ವಿಂಟರ್ ಉತ್ತರ ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕನ್ ಸೈನಿಕರ ಚಿತ್ರಗಳನ್ನು ಐಫೋನ್ ಮತ್ತು ಹಿಪ್‌ಸ್ಟಮ್ಯಾಟಿಕ್ ಬಳಸಿ ತೆಗೆದರು. ಮರುವರ್ಷ 'ಪಿಕ್ಚರ್ಸ್ ಆಫ್ ದಿ ಇಯರ್ ಇಂಟರ್‌ನ್ಯಾಷನಲ್' ಸ್ಪರ್ಧೆಯಲ್ಲಿ ಅವಕ್ಕೆ ಮೂರನೆಯ ಬಹುಮಾನ ಬಂದಾಗ ವಿವಾದ ಎದ್ದಿತು. ವಿಂಟರ್ ಕೊಟ್ಟ ಸಮರ್ಥನೆ ತಳ್ಳಿಹಾಕುವಂಥದ್ದಲ್ಲ. ತುಕ್ಕು ಹಿಡಿದ ಮಂಚದ ಮೇಲೆ ಒಟ್ಟಾಗಿ ಮಲಗಿದ್ದ ಸೈನಿಕರು ದೊಡ್ಡ ಕ್ಯಾಮೆರಾ ಕಂಡಿದ್ದರೆ ಚದುರಿಹೋಗುತ್ತಿದ್ದರು, ಫೋನಿಗೆ ಹೆದರಲಿಲ್ಲ. ಚಿತ್ರದಲ್ಲಿ ಏನನ್ನೂ ಸೇರಿಸಿಲ್ಲ, ತೆಗೆದಿಲ್ಲ ಎಂಬುದು ಅವರ ವಾದ.

ವಸ್ತುಗಳನ್ನು ಸೇರಿಸಿಲ್ಲ, ಒಪ್ಪೋಣ. ಆದರೆ ಕಾಲವನ್ನು ಸೇರಿಸಲಾಗಿದೆ. ಅಮೆರಿಕನ್ ಸೈನ್ಯ ಆ ಯುದ್ಧದಲ್ಲಿ ಅತಿ ಹೆಚ್ಚು ಜನರನ್ನು ಕಳೆದುಕೊಂಡ ವರ್ಷ ಅದು. ಯುದ್ಧ ಮುಗಿಯಲು ಇನ್ನೂ ಹನ್ನೊಂದು ವರ್ಷಗಳಿದ್ದವು. ಕೊನೆಯ ಸೈನಿಕ ಹೊರಟದ್ದು 2021ರ ಆಗಸ್ಟ್‌ನಲ್ಲಿ. ಆ ಚಿತ್ರಗಳಲ್ಲಿ ಮಾತ್ರ ಎಲ್ಲವೂ ಮುಗಿದುಹೋದ ಕಥೆಯಂತೆ, ಯಾರದೋ ಅಜ್ಜನ ಆಲ್ಬಮಿನಂತೆ ಕಾಣುತ್ತದೆ. ಕಪ್ಪುಬಿಳುಪಿನ ಫಿಲ್ಮ್ ಆರಿಸಿಕೊಂಡವನು ನೋಡುವ ಬಗೆಯೊಂದನ್ನು ಆರಿಸಿಕೊಂಡಿರುತ್ತಾನೆ. ಮಾಸಿದ ಬಣ್ಣ ಹಚ್ಚುವವನು ಕಣ್ಣೆದುರಿನ ಸಂಗತಿಯನ್ನು ಹಿಂದಕ್ಕೆ ನೂಕುತ್ತಾನೆ. ಮುಗಿದುಹೋದ ದುಃಖಕ್ಕೆ ನಾವು ನಿಟ್ಟುಸಿರು ಬಿಡುತ್ತೇವೆ. ನಡೆಯುತ್ತಿರುವ ದುಃಖಕ್ಕಾದರೆ ಉತ್ತರ ಕೊಡಬೇಕಾಗುತ್ತದೆ. ಫಿಲ್ಟರ್ ನಮ್ಮನ್ನು ಆ ಹೊಣೆಯಿಂದ ಮೆಲ್ಲಗೆ ಬಿಡಿಸುತ್ತದೆ.

2025ರ ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಇನ್ನೊಂದು ಹುಚ್ಚು ಹಬ್ಬಿತು. ಒಂದು ಸೆಲ್ಫಿ ಕೊಟ್ಟರೆ ಗೂಗಲ್‌ನ ಜೆಮಿನಿ, ಹಳೆಯ ಸಿನೆಮಾದ ಬೆಳಕಿನಲ್ಲಿ ಸೀರೆಯುಟ್ಟು ನಿಂತ ಚಿತ್ರವೊಂದನ್ನು ಮಾಡಿಕೊಡುತ್ತಿತ್ತು. ಆ ಸೀರೆಯೂ ಇರಲಿಲ್ಲ, ಬೆಳಕೂ ಇರಲಿಲ್ಲ, ನಿಂತ ಗಳಿಗೆಯೂ ಇರಲಿಲ್ಲ. ಫಿಲ್ಟರ್ ಕನಿಷ್ಠ ನಡೆದದ್ದನ್ನು ಮಾಸಿಸುತ್ತಿತ್ತು. ಇದು ನಡೆಯದ್ದಕ್ಕೇ ನೆನಪಿನ ಬಣ್ಣ ಬಳಿಯುತ್ತದೆ. ಎಲ್ಲವೂ ಹಳೆಯದಾಗಿ ಕಾಣತೊಡಗಿದರೆ ನಿಜವಾಗಿ ಹಳೆಯದಾದ ಒಂದು ಫೋಟೋವನ್ನು ಹಿಡಿದು ನ್ಯಾಯ ಕೇಳುವ ತಾಯಿಯ ಮಾತನ್ನು ಯಾರು ನಂಬುತ್ತಾರೆ?

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಬಣ್ಣ ಹಚ್ಚಿದ್ದರ ಜೊತೆಗೆ ಹಚ್ಚದ್ದನ್ನೂ ಉಳಿಸು, ದಿನಾಂಕ ಬರೆದಿಡು. ನಿನ್ನೆಯ ಊಟ ನಿನ್ನೆಯದಾಗಿಯೇ ಇರಲಿ. ಅಜ್ಜಿಯ ಪ್ರಶ್ನೆ ನಿಜವಾಗುವ ದಿನ ಹೇಗೂ ಬರುತ್ತದೆ.