ಕೆನಡಾದಲ್ಲೊಂದು ಕೆಲಸ

ಹೋದ ಶನಿವಾರ ರಾತ್ರಿ ನಾವು ಐದು ಜನ ಸೇರಿ ಫ್ರೆಂಚ್ ನಿರ್ದೇಶಕಿ ಕೊರಾಲಿ ಫಾರ್ಜಾ ಅವರ 'ರಿವೆಂಜ್' (2017) ನೋಡ್ತಿದ್ವಿ. ಸಿನಿಮಾ ಬಿಸಿಯಾಗೋ ಮೊದಲೇ ಗೆಳೆಯನೊಬ್ಬ ರಿಮೋಟಿಗೆ ಕೈ ಹಾಕಿದ. "ಈಗ ರೇಪ್ ಸೀನ್ ಬರುತ್ತೆ ಕಣೇ, ನಿಂಗೆ ಕಷ್ಟ ಆಗುತ್ತೆ, ಓಡಿಸ್ಬಿಡ್ತೀನಿ. ಆಮೇಲೆ ಸಖತ್ತಾಗಿದೆ." ಬೇಡ, ಇರಲಿ ಅಂದೆ.

ಓಡಿಸಿದ್ದರೆ ಸಿನಿಮಾದ ಅಸಲು ಮಾತೇ ತಪ್ಪಿಹೋಗುತ್ತಿತ್ತು. ಒಳಗೆ ಸ್ಟಾನ್ ಆ ಹುಡುಗಿ ಜೆನ್ ಮೇಲೆ ಬಿದ್ದಿದ್ದಾನೆ. ಇನ್ನೊಬ್ಬ ಗೆಳೆಯ ಬಾಗಿಲು ತೆರೆದು ನೋಡ್ತಾನೆ, ಬಾಯಲ್ಲಿ ಏನೋ ಮೆಲ್ಲುತ್ತಾ. ಬಾಗಿಲು ಹಾಕಿಕೊಂಡು ಹೋಗಿ ಟಿವಿ ಸೌಂಡ್ ಜಾಸ್ತಿ ಮಾಡ್ತಾನೆ. ಕ್ಯಾಮೆರಾ ಒಳಗೆ ಉಳಿಯಲ್ಲ, ಅವನ ಹಿಂದೆ ಹೋಗುತ್ತೆ.

ಇದೇ ಜಾತಿಯ ಹಳೇ ಸಿನಿಮಾ, ಮೀರ್ ಜಾರ್ಕಿಯ 'ಐ ಸ್ಪಿಟ್ ಆನ್ ಯುವರ್ ಗ್ರೇವ್' (1978), ಆ ಹಿಂಸೆಯನ್ನು ಸುಮಾರು ಅರ್ಧ ಗಂಟೆ ಎಳೆಯುತ್ತೆ. ಅದಕ್ಕೆ ಮೊದಲು ಇಟ್ಟಿದ್ದ ಹೆಸರು 'ಡೇ ಆಫ್ ದ ವುಮನ್'. ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳೊಬ್ಬಳಿಗೆ ನೆರವಾಗಲು ಹೋಗಿ, ಪೊಲೀಸರ ಅಸಡ್ಡೆ ಕಂಡ ಸಿಟ್ಟಿನಲ್ಲಿ ಹುಟ್ಟಿದ ಕಥೆ ಅಂತ ಜಾರ್ಕಿ ಹೇಳಿಕೊಂಡಿದ್ದಾರೆ. ನಂಬೋಣ. ಆದರೆ ಪೋಸ್ಟರಿನಲ್ಲಿರೋದು ಅರೆಬೆತ್ತಲೆ ಹೆಣ್ಣಿನ ಬೆನ್ನು. ಅವಳು ಐವರು ಗಂಡಸರನ್ನು ಕೊಂದಳು ಅಂತ ಬರೆದಿದ್ದಾರೆ, ಸಿನಿಮಾದಲ್ಲಿರೋದು ನಾಲ್ಕೇ ಜನ! ಬೆನ್ನು ತೋರಿಸೋ ಆತುರದಲ್ಲಿ ಲೆಕ್ಕ ಯಾರಿಗೆ ಬೇಕು?

ಕ್ಯಾರಲ್ ಕ್ಲೋವರ್ 1992ರ ತಮ್ಮ ಪುಸ್ತಕದಲ್ಲಿ, ಇಂಥ ಸಿನಿಮಾಗಳಲ್ಲಿ ಗಂಡು ಪ್ರೇಕ್ಷಕನೂ ನೊಂದವಳ ಜಾಗದಲ್ಲೇ ನಿಲ್ಲುತ್ತಾನೆ ಎಂದು ವಾದಿಸಿದರು. ನನಗೆ ಅರ್ಧ ಒಪ್ಪಿಗೆ. 1980ರಲ್ಲಿ ಇದೇ ಚಿತ್ರ ನೋಡಿದ ವಿಮರ್ಶಕ ರೋಜರ್ ಈಬರ್ಟ್‌ಗೆ ಥಿಯೇಟರಿನಲ್ಲಿ ಕೇಳಿಸಿದ್ದು ಅತ್ಯಾಚಾರಿಗಳ ಪರವಾದ ಕೇಕೆ. ಹಾಗಂತ ಫಾರ್ಜಾ ಪೂರ್ತಿ ಗೆದ್ದಿದ್ದಾರೆ ಅಂತಲ್ಲ. ಸತ್ತು ಬದುಕಿದ ಮೇಲೂ ಜೆನ್ ಮೈಮೇಲೆ ಒಳಉಡುಪಷ್ಟೇ. ಕೊನೆಯಲ್ಲಿ ಮಾತ್ರ ಲೆಕ್ಕ ತಿರುಗುತ್ತೆ: ಅವಳ ಪ್ರಿಯಕರ ರಿಚರ್ಡ್ ಬರೀ ಮೈಯಲ್ಲಿ, ರಕ್ತ ಸುರಿಸಿಕೊಂಡು ಮನೆಯೆಲ್ಲ ಓಡಾಡ್ತಾನೆ. ನಮ್ಮ ರೂಮಿನ ಹುಡುಗರು ಆಗ ಫೋನ್ ನೋಡೋಕೆ ಶುರುಮಾಡಿದರು.

ನನ್ನನ್ನು ಹೆದರಿಸಿದ್ದು ರಕ್ತ ಅಲ್ಲ. ನಡೆದದ್ದು ಗೊತ್ತಾದ ಮೇಲೆ ರಿಚರ್ಡ್ ಕೂಗಾಡೋದಿಲ್ಲ, ಮೊದಲು ಮೆತ್ತಗೆ ಮಾತಾಡ್ತಾನೆ. ದುಡ್ಡು ಹಾಕಿದೀನಿ, ಕೆನಡಾದಲ್ಲಿ ನಿಂಗೊಂದು ಕೆಲಸ ನೋಡಿದೀನಿ ಅಂತಾನೆ. ಅವಳು ಒಪ್ಪದೇ ಇದ್ದಾಗ ತಾನೇ ಬಂಡೆಯಿಂದ ತಳ್ಳೋದು! ಹಳೇ ಆಫೀಸಿನಲ್ಲಿ ಮ್ಯಾನೇಜರ್ ಮೇಲೆ ನಾನು ದೂರು ಕೊಟ್ಟಾಗಲೂ ಹೀಗೇ, ಕಾಫಿ ತರಿಸಿ ಮಾತಾಡಿಸಿದ್ದರು. "ನಿಮ್ಮನ್ನ ಪುಣೆ ಟೀಮಿಗೆ ಹಾಕ್ತೀವಿ. ಒಳ್ಳೇ ಅವಕಾಶ."

ನಮ್ಮ 'ಆಪ್ತಮಿತ್ರ'ದ (2004) ನಾಗವಲ್ಲಿ ನೆನಪಾದಳು. ಸೌಂದರ್ಯ ಅವರ ಆ ಕಣ್ಣುಗಳನ್ನು ಯಾರು ಮರೀತಾರೆ? ಆದರೆ ಅಲ್ಲಿ ಹೆಣ್ಣಿನ ಸೇಡು ಅಂದರೆ ಒಂದು ಕಾಯಿಲೆ. ವಾಸಿ ಮಾಡೋಕೆ ಡಾಕ್ಟರ್ ಬರಬೇಕು, ಕೊನೆಗೆ ಕಡಿಯೋಕೆ ಅವಳಿಗೆ ಸಿಗೋದು ಒಂದು ಗೊಂಬೆ.

ಸಿನಿಮಾ ಮುಗಿದ ಮೇಲೆ ಗೆಳೆಯನಿಗೆ ಈ ಪುಣೆ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹೋದ್ಯಾ?"

"ಇಲ್ಲ. ಎರಡು ತಿಂಗಳಿಗೆ ಕೆಲಸ ಬಿಟ್ಟೆ."

"ಅವನು?"

"ಅಲ್ಲೇ ಇದಾನೆ. ಪ್ರಮೋಷನ್ ಆಯ್ತಂತೆ."