ಕಾಲ ಹಿಗ್ಗಿದರೆ ಭಾವ ಹಿಗ್ಗುವುದೇ?

2007ರ ಜುಲೈನಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನ ರಂಗಮಂದಿರವೊಂದರ ಮುಂಭಾಗದಲ್ಲಿ ಮೂರು ಬೃಹತ್ ಪರದೆಗಳು ಎದ್ದವು. ಒಂದೊಂದರಲ್ಲೂ ಒಬ್ಬೊಬ್ಬ ನರ್ತಕ ಅಥವಾ ನರ್ತಕಿ. ನಿಜದಲ್ಲಿ ಸುಮಾರು ಐದು ಸೆಕೆಂಡಿನಲ್ಲಿ ಮುಗಿದುಹೋಗುವ ಚಲನೆಯನ್ನು ಸೆಕೆಂಡಿಗೆ ಸಾವಿರ ಚಿತ್ರಗಳಂತೆ ಸೆರೆಹಿಡಿದು, ಹತ್ತು ನಿಮಿಷದಷ್ಟು ಹಿಗ್ಗಿಸಲಾಗಿತ್ತು. ಡೇವಿಡ್ ಮೈಕಲೆಕ್ ರೂಪಿಸಿದ ಈ ‘ಸ್ಲೋ ಡಾನ್ಸಿಂಗ್’ನಲ್ಲಿ 43 ಕಲಾವಿದರಿದ್ದರು. ಬಿಲ್ ಟಿ. ಜೋನ್ಸ್, ವಿಲಿಯಂ ಫೋರ್ಸೈತ್ ಅವರ ಜೊತೆಗೆ, ಮದರಾಸಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬೆಳೆದ ಕೂಚಿಪುಡಿ ಕಲಾವಿದೆ ಶಾಂತಲಾ ಶಿವಲಿಂಗಪ್ಪನವರೂ ಇದ್ದರು.

ಈ ಕೃತಿ ನೃತ್ಯವನ್ನು ನೋಡುವ ಕಣ್ಣನ್ನೇ ಪಳಗಿಸುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ದೇಹ ತಿರುಗಿದ ಎಷ್ಟೋ ಹೊತ್ತಿನ ಮೇಲೆ ಬಟ್ಟೆ ತಿರುಗುತ್ತದೆ. ಹಾರುವ ಮುನ್ನ ಪಾದ ನೆಲವನ್ನು ಎಷ್ಟು ಬಲವಾಗಿ ಒತ್ತುತ್ತದೆಂಬುದು ಕಾಣುತ್ತದೆ. ವೇದಿಕೆಯ ಮೇಲೆ ಹಗುರವೆನಿಸುವ ಜಿಗಿತದ ಹಿಂದಿರುವ ಮಾಂಸಖಂಡಗಳ ದುಡಿಮೆ ಬಯಲಾಗುತ್ತದೆ. ಅದನ್ನು ಕಂಡ ಮೇಲೆ ನರ್ತಕರ ಮೇಲಿನ ಗೌರವ ಇಮ್ಮಡಿಯಾಗದೆ ಇರದು.

ಆದರೆ ಇಂಥ ನಿಧಾನವನ್ನು ಆಧ್ಯಾತ್ಮಿಕ ಎಂದು ಕರೆಯುವ ರೂಢಿ ಬೆಳೆದಿದೆ. ನನ್ನ ತಕರಾರು ಇರುವುದು ಅಲ್ಲಿ. ಈ ಪರದೆಗಳಲ್ಲಿ ಸದ್ದಿಲ್ಲ, ತಾಳವಿಲ್ಲ. ಕೂಚಿಪುಡಿಯಲ್ಲಿ ಸೊಲ್ಲುಕಟ್ಟುಗಳ ಜತಿ ಸುತ್ತಿ ಬಳಸಿ ಬಂದು ತಾಳದ ಮೊದಲ ಪೆಟ್ಟಾದ ಸಮಕ್ಕೆ ಸರಿಯಾಗಿ ಇಳಿಯುವಾಗ ನೋಡುಗನ ಎದೆಯೂ ಅದರ ಜೊತೆ ಇಳಿಯುತ್ತದೆ. ಆ ಸುಖ ಲಯದ್ದು. ಲಯವನ್ನು ತೆಗೆದರೆ ಉಳಿಯುವುದು ಅಂಗಾಂಗಗಳ ಸೊಬಗು ಮತ್ತು ಮುಖದ ಮೇಲಿನ ಏಕಾಗ್ರತೆ. ಏಕಾಗ್ರತೆ ದೊಡ್ಡದೇ, ಆದರೆ ಅದು ಭಾವವಲ್ಲ. ಯಂತ್ರ ಹಿಗ್ಗಿಸಿದ್ದು ಕ್ರಿಯೆಯನ್ನು. ಆ ಕ್ರಿಯೆಯ ಅರ್ಥ ಇದ್ದಷ್ಟೇ ಇದೆ.

ಇದೇ ಯಂತ್ರವನ್ನು ಭಾವದ ಕಡೆಗೇ ತಿರುಗಿಸಿದವರು 2024ರಲ್ಲಿ ತೀರಿಕೊಂಡ ವೀಡಿಯೊ ಕಲಾವಿದ ಬಿಲ್ ವಯೋಲಾ. ತಂದೆ ಸಾವಿನ ಅಂಚಿನಲ್ಲಿದ್ದ ದಿನಗಳಲ್ಲಿ ಅವರು ಶಿಕಾಗೋದ ಸಂಗ್ರಹಾಲಯದಲ್ಲಿ ಹದಿನೈದನೆಯ ಶತಮಾನದ ಒಂದು ಚಿತ್ರದ ಮುಂದೆ, ಕಣ್ಣೀರಿಡುವ ಮೇರಿಯ ಮುಂದೆ, ನಿಂತು ತಾವೂ ಅತ್ತುಬಿಟ್ಟರು. ಮುಂದೆ ‘ದಿ ಪ್ಯಾಷನ್ಸ್’ ಎಂಬ ಹೆಸರಿನಲ್ಲಿ 2003ರಲ್ಲಿ ಲಾಸ್ ಏಂಜಲೀಸ್‌ನ ಗೆಟ್ಟಿ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡ ಕೃತಿಸರಣಿಯ ಹಿಂದೆ ಆ ಅಳುವಿದೆ. ಅದರಲ್ಲಿನ ‘ದಿ ಕ್ವಿಂಟೆಟ್ ಆಫ್ ದಿ ಅಸ್ಟಾನಿಷ್ಡ್’ ಕೃತಿಯಲ್ಲಿ ಐವರು ಒತ್ತೊತ್ತಾಗಿ ನಿಂತಿದ್ದಾರೆ. ಒಬ್ಬರ ಮುಖದಲ್ಲಿ ದುಃಖ, ಇನ್ನೊಬ್ಬರಲ್ಲಿ ಏನೋ ಧನ್ಯತೆ. ಮೈಗೆ ಮೈ ತಾಗುವಷ್ಟು ಹತ್ತಿರವಿದ್ದರೂ ಯಾರೂ ಯಾರನ್ನೂ ನೋಡುವುದಿಲ್ಲ. ಸುಮಾರು ಒಂದು ನಿಮಿಷದ ನಟನೆ ಹದಿನೈದು ನಿಮಿಷ ಮೀರಿ ಹರಿಯುತ್ತದೆ.

ನಾಟ್ಯಶಾಸ್ತ್ರದ ಪರಿಚಯವಿರುವ ಓದುಗರಿಗೆ ಇಲ್ಲಿ ಒಂದು ಕೊರತೆ ಥಟ್ಟನೆ ಹೊಳೆಯುತ್ತದೆ. ಭರತ ಹೇಳುವ ರಸಕ್ಕೆ ಭಾವದ ಕಾರಣವಾದ ವಿಭಾವ ಬೇಕು, ಭಾವ ಮೈಯಲ್ಲಿ ಕಾಣಿಸಿಕೊಳ್ಳುವ ಅನುಭಾವ ಬೇಕು, ಬಂದು ಹೋಗುವ ಸಂಚಾರಿಗಳು ಬೇಕು. ವಯೋಲಾ ವಿಭಾವವನ್ನು ಪೂರ್ತಿ ಅಳಿಸಿದ್ದಾರೆ. ಈ ಐವರಿಗೆ ಏನಾಯಿತೆಂದು ನಮಗೆ ಗೊತ್ತಾಗುವುದೇ ಇಲ್ಲ. ಕಾಣುವುದು ಅನುಭಾವ ಮಾತ್ರ. ಅಭಿನಯದ ಹಳೆಯ ಗ್ರಂಥ ‘ಅಭಿನಯ ದರ್ಪಣ’ವನ್ನು 1917ರಲ್ಲೇ ದುಗ್ಗಿರಾಲ ಗೋಪಾಲಕೃಷ್ಣಯ್ಯನವರ ಜೊತೆ ಸೇರಿ ಇಂಗ್ಲಿಷಿಗೆ ತಂದ ಆನಂದ ಕುಮಾರಸ್ವಾಮಿಯವರನ್ನು ವಯೋಲಾ ಆಸ್ಥೆಯಿಂದ ಓದಿದ್ದರು. ಹಾಗಾಗಿ ಕಾರಣವನ್ನು ಮುಚ್ಚಿಟ್ಟದ್ದನ್ನು ನಾನು ಅರಿವಿನ ಆಯ್ಕೆಯೆಂದೇ ಓದುತ್ತೇನೆ. ಆದರೂ ‘ಕ್ವಿಂಟೆಟ್’ ನನ್ನನ್ನು ಪೂರ್ತಿ ಒಲಿಸಿಕೊಳ್ಳುವುದಿಲ್ಲ. ಭಾವ ಅಲ್ಲಿ ಮುಖದಿಂದ ಮುಖಕ್ಕೆ ಹರಿಯದೆ ಪ್ರತಿ ಮುಖದೊಳಗೇ ಮಡುಗಟ್ಟಿ ನಿಲ್ಲುತ್ತದೆ.

ಅವರದೇ 2002ರ ‘ಅಬ್ಸರ್ವನ್ಸ್’ನ ಮಾತೇ ಬೇರೆ. ಉದ್ದನೆಯ ನಿಲುವಿನ ಪರದೆ, ಅದರಲ್ಲಿ ಸಾಲಾಗಿ ಮುಂದೆ ಬರುವ ಜನ. ಚೌಕಟ್ಟಿನ ಆಚೆ, ನಮಗೆ ಕಾಣದ ಏನನ್ನೋ ಒಬ್ಬೊಬ್ಬರೂ ನೋಡುತ್ತಾರೆ. ಒಬ್ಬರಿಗೆ ತಡೆಯಲಾಗುವುದಿಲ್ಲ, ಮತ್ತೊಬ್ಬರು ಬಿಗಿಹಿಡಿಯುತ್ತಾರೆ. ಹಿಂದಿರುಗುವವರ ಕೈ ಬರುವವರ ಹೆಗಲನ್ನು ತಾಗುತ್ತದೆ. ಸಾವಿನ ಮನೆಯಲ್ಲಿ ಅಂತಿಮ ದರ್ಶನಕ್ಕೆ ನಿಂತ ಯಾರಿಗೂ ಈ ಸಾಲು ಅಪರಿಚಿತವಲ್ಲ. ಅವರು ನೋಡುತ್ತಿರುವ ಜಾಗದಲ್ಲೇ ನೋಡುಗ ನಿಂತಿರುತ್ತಾನೆ ಎಂಬುದು ಹೊಳೆದಾಗ ಮೈ ಜುಮ್ಮೆನ್ನುತ್ತದೆ. ನೃತ್ಯಗಾರರಿಲ್ಲದ ಈ ಕೃತಿಯನ್ನು ನಾನು ನೃತ್ಯವೆಂದೇ ಕರೆಯುತ್ತೇನೆ. ಇಲ್ಲಿ ಕ್ಯಾಮೆರಾದ ನಿಧಾನಕ್ಕಿಂತ ಹೆಚ್ಚಿನ ಕೆಲಸ ಮಾಡುವುದು ಆವರ್ತನೆ: ಒಂದೇ ದುಃಖ, ಪ್ರತಿ ಸಲವೂ ಹೊಸ ದೇಹ.

ಅಭಿನಯಕ್ಕೆ ಈ ಗುಟ್ಟು ಮೊದಲಿಂದಲೂ ಗೊತ್ತು. ಸತ್ಯಜಿತ್ ರಾಯ್ ಅವರ 1976ರ ‘ಬಾಲಾ’ ಸಾಕ್ಷ್ಯಚಿತ್ರದಲ್ಲಿ ಭರತನಾಟ್ಯ ಕಲಾವಿದೆ ಬಾಲಸರಸ್ವತಿಯವರು ಕಡಲ ದಂಡೆಯಲ್ಲಿ ನಿಂತು ‘ಕೃಷ್ಣಾ ನೀ ಬೇಗನೆ ಬಾರೋ’ಗೆ ಅಭಿನಯಿಸುತ್ತಾರೆ. ವ್ಯಾಸರಾಯರ ಕನ್ನಡ, ತಮಿಳುನಾಡಿನ ಕಲಾವಿದೆ, ಬಂಗಾಳದ ನಿರ್ದೇಶಕ. ಗಾಳಿ ಸೆರಗನ್ನು ಎಳೆದಾಡುತ್ತಿದೆ. ರಾಯ್ ಅದನ್ನು ತಡೆಯಲು ಹೋಗಿಲ್ಲ. ಹಾಡಿನ ಸಾಲು ಮರಳಿ ಬಂದಂತೆಲ್ಲ ಕರೆಯ ಬಗೆ ಬದಲಾಗುತ್ತದೆ, ತಾಯಿಯ ಕರೆ ಯಾವಾಗ ಭಕ್ತೆಯ ಮೊರೆಯಾಯಿತೆಂದು ಬೆರಳಿಟ್ಟು ತೋರಿಸಲಾಗದು. ಇಲ್ಲಿಯೂ ಕಾಲ ಹಿಗ್ಗಿದೆ. ಹಿಗ್ಗಿಸಿದ್ದು ಸಂಚಾರಿ, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಅಭಿನಯಿಸುವ ಕ್ರಮ; ಕ್ಯಾಮೆರಾ ತನ್ನ ಸಹಜ ವೇಗದಲ್ಲೇ ಓಡಿದೆ.

ಈ ಅಭಿನಯದ ಪಕ್ಕದಲ್ಲಿಟ್ಟು ನೋಡಿದರೆ, ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ 2014ರಿಂದ ಇರುವ ವಯೋಲಾ ಅವರ ‘ಮಾರ್ಟರ್ಸ್’ ನನಗೆ ಸೊರಗಿದಂತೆ ಕಾಣುತ್ತದೆ. ಮಣ್ಣು, ಗಾಳಿ, ಬೆಂಕಿ, ನೀರುಗಳ ನಡುವೆ ನಾಲ್ವರು ಹುತಾತ್ಮರು, ನಾಲ್ಕು ಪರದೆಗಳು. ಎಲ್ಲವೂ ಮೊದಲೇ ತೂಗಿ ಇಟ್ಟಂತಿದೆ. ದೇವಾಲಯದ ಗಾಂಭೀರ್ಯವನ್ನು ಕೃತಿ ಎರವಲು ಪಡೆಯುತ್ತದೆ, ತಾನೇ ಗಳಿಸುವುದಿಲ್ಲ.

ಅದಕ್ಕಿಂತ ಏಳು ವರ್ಷ ಹಿಂದಿನ, ಅವರದೇ ‘ಓಷನ್ ವಿದೌಟ್ ಎ ಶೋರ್’ ವೆನಿಸ್‌ನ ಸ್ಯಾನ್ ಗಾಲೋ ಎಂಬ ಪುಟ್ಟ ಇಗರ್ಜಿಯ ಮೂರು ಕಲ್ಲಿನ ಬಲಿಪೀಠಗಳ ಮೇಲೆ ಪ್ರದರ್ಶಿತವಾಯಿತು. ಹೆಸರು ಸೂಫಿ ಚಿಂತಕ ಇಬ್ನ್ ಅರಬಿಯಿಂದ ಬಂದದ್ದು. ಕತ್ತಲಿನಿಂದ ಒಬ್ಬರು ನಡೆದು ಬರುತ್ತಾರೆ. ಹಳೆಯ ಕಣ್ಗಾವಲು ಕ್ಯಾಮೆರಾ ಸೆರೆಹಿಡಿದ ಆ ಬಿಂಬ ಬೂದು, ಕಾಳುಕಾಳು. ಕಾಣದ ನೀರಿನ ತೆರೆಯೊಂದನ್ನು ದಾಟಿದ ಕ್ಷಣ ದೇಹ ಹೈ ಡೆಫಿನಿಷನ್ನಿನ ನಿಚ್ಚಳ ಬಣ್ಣಕ್ಕೆ ಬರುತ್ತದೆ, ಮೈಯೆಲ್ಲ ನೀರು. ಆಮೇಲೆ ತಿರುಗಿ ಮತ್ತೆ ಬೂದುಬಣ್ಣದೊಳಕ್ಕೆ. ಸತ್ತವರು ಒಮ್ಮೆ ಬಂದು ಹೋಗುವುದೆಂದರೆ ಹೀಗೆಯೇ ಇದ್ದೀತು ಅನಿಸುತ್ತದೆ. ಬಿಂಬದ ಗುಣವೇ ಇಲ್ಲಿ ಬದುಕು-ಸಾವುಗಳ ಗಡಿಯಾಗಿದೆ. ಇದು ವೇದಿಕೆಗೆ ಸಾಧ್ಯವಿಲ್ಲದ, ವೀಡಿಯೊ ಒಂದಕ್ಕೇ ಒಲಿಯುವ ಅಭಿನಯ.

ಮೈಕಲೆಕ್‌ ಅವರ ಕ್ಯಾಮೆರಾದ ಮುಂದೆ ಶಾಂತಲಾ ಶಿವಲಿಂಗಪ್ಪನವರಿಗೆ ಸಿಕ್ಕಿದ್ದು ಐದು ಸೆಕೆಂಡು. ಪೀನಾ ಬೌಷ್, ಪೀಟರ್ ಬ್ರೂಕ್ ಅವರಂಥವರೊಡನೆ ಕೆಲಸ ಮಾಡಿದ, ವೆಂಪಟಿ ಚಿನ್ನ ಸತ್ಯಂ ಅವರಲ್ಲಿ ಕಲಿತ ಈ ಕಲಾವಿದೆಗೆ ಅದೇ ಪರದೆಯ ಮೇಲೆ ಅಭಿನಯಕ್ಕೆ ಹಾಡುವ ಒಂದು ಪದದ ಇಡೀ ಪಲ್ಲವಿಯನ್ನು, ಹಾಡುಗಾರಿಕೆ ಮತ್ತು ತಾಳದ ಸಮೇತ, ಅದರ ಎಲ್ಲ ಸಂಚಾರಿಗಳೊಂದಿಗೆ ಯಾರಾದರೂ ಬಿಟ್ಟುಕೊಡಬೇಕು. ಆಗ ಕ್ಯಾಮೆರಾ ನಿಧಾನವಾಗಬೇಕಾದದ್ದು ಎಲ್ಲಿ, ಸುಮ್ಮನೆ ನೋಡುತ್ತ ನಿಲ್ಲಬೇಕಾದದ್ದು ಎಲ್ಲಿ ಎಂಬುದನ್ನು ಆಕೆಯ ಅಭಿನಯವೇ ತೀರ್ಮಾನಿಸಲಿ.