ಆತ್ಮಚಿತ್ರದ ಎರಡು ನೆಲೆಗಳು: ಅಪ್ಪಚ್ಚ ಕವಿ ಮತ್ತು ಪುಷ್ಪಮಾಲಾ

ಕಲಾವಿದನು ತನ್ನ ಮುಖವನ್ನು ತಾನೇ ಬರೆದುಕೊಂಡರೆ ಮಾತ್ರ ಆತ್ಮಚಿತ್ರ ಎಂಬ ಗ್ರಹಿಕೆ ಚಿತ್ರಕಲೆಯ ಚರಿತ್ರೆಯಿಂದ ಬಂದುದು. ಯೌವನದಿಂದ ವೃದ್ಧಾಪ್ಯದವರೆಗೆ ತನ್ನನ್ನು ಚಿತ್ರಿಸಿಕೊಂಡ ರೆಂಬ್ರಾಂಟ್ ಇದಕ್ಕೆ ಪ್ರಸಿದ್ಧ ನಿದರ್ಶನ. ಆದರೆ ಪರರ ಬರವಣಿಗೆಯಲ್ಲಿ ಮೊದಲೇ ಚಿತ್ರಿತವಾದ ಸಮುದಾಯದ ಕಲಾವಿದನಿಗೆ ಸಮಸ್ಯೆ ಬೇರೆಯದು. ಅವನು ತನ್ನ ಚಿತ್ರವನ್ನು ಮೊದಲು ಮರಳಿ ಪಡೆಯಬೇಕಾಗುತ್ತದೆ.

ಜಿ. ರಿಕ್ಟರ್ ಅವರ 'ಮ್ಯಾನ್ಯುಅಲ್ ಆಫ್ ಕೂರ್ಗ್' (1870) ಕೊಡವರ ಉಡುಪು, ಆಚಾರಗಳನ್ನು ಇಂಗ್ಲಿಷ್ ಓದುಗರಿಗೆ ವಿವರಿಸಿತು. ಅದಕ್ಕೆ ಎರಡು ವರ್ಷ ಮುನ್ನ ನಾಪೋಕ್ಲು ಭಾಗದ ಕಿರುಂದಾಡಿನಲ್ಲಿ ಜನಿಸಿದ ಅಪ್ಪನೆರವಂಡ ಹರದಾಸ ಅಪ್ಪಚ್ಚ ಕವಿ (1868–1944) ಕೊಡವ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ ನಾಟಕಗಳನ್ನು ರಚಿಸಿದರು. 'ಯಯಾತಿ' (1906), 'ಸಾವಿತ್ರಿ', 'ಸುಬ್ರಹ್ಮಣ್ಯ'ಗಳ ವಸ್ತು ಭಾರತಕ್ಕೆಲ್ಲ ಸಾಮಾನ್ಯವಾದುದು. ಇದನ್ನು ಅನುಕರಣೆಯೆನ್ನುವುದು ಸರಿಯಲ್ಲ. ಪುರಾಣದ ಅರಸನು ಕೊಡವ ಭಾಷೆಯಲ್ಲಿ ಮಾತನಾಡಿದೊಡನೆ ಮನೆಯ ನುಡಿಗೆ ರಂಗದ ಘನತೆ ಒದಗುತ್ತದೆ. 'ಕಾವೇರಿ' (1918) ನಾಟಕದಲ್ಲಾದರೋ ನುಡಿಯೂ ವಸ್ತುವೂ ಕೊಡಗಿನವೇ. ಕೊಡವ ಸ್ತ್ರೀಯರ ಸೀರೆಯ ನೆರಿಗೆ ಹಿಂದಕ್ಕಿರುವುದು ಹೊರಗಿನ ವೀಕ್ಷಕನಿಗೆ ಒಂದು ವೈಚಿತ್ರ್ಯ. ಬಲಮುರಿಯ ಐತಿಹ್ಯದಲ್ಲಿ ಅದು ನದಿಯ ರಭಸ ಉಳಿಸಿಹೋದ ಗುರುತು. ಒಂದೇ ವಿವರ ನೋಡುವವರು ಬದಲಾದಂತೆ ಅರ್ಥ ಬದಲಿಸುತ್ತದೆ.

ಸುಮಾರು ಒಂದು ಶತಮಾನದ ಬಳಿಕ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ, ಕ್ಲೇರ್ ಆರ್ನಿ ಅವರೊಡನೆ ರೂಪಿಸಿದ 'ನೇಟಿವ್ ವುಮೆನ್ ಆಫ್ ಸೌತ್ ಇಂಡಿಯಾ' (2000–2004) ಛಾಯಾಚಿತ್ರ ಸರಣಿಯಲ್ಲಿ ಮತ್ತೊಂದು ಮಾರ್ಗ ಹಿಡಿದರು. ರವಿವರ್ಮನ ನಾಯಕಿಯಾಗಿಯೂ, ಅಳತೆಯ ಚೌಕಗಳ ಮುಂದೆ ನಿಂತ ಬುಡಕಟ್ಟು ಮಹಿಳೆಯಾಗಿಯೂ ಅವರು ಸ್ವತಃ ಕಾಣಿಸಿಕೊಳ್ಳುತ್ತಾರೆ. ಅಪ್ಪಚ್ಚ ಕವಿ ತಮ್ಮ ಮುಖವನ್ನು ಮರೆಸಿ ಸಮುದಾಯದ ಚಿತ್ರ ಬರೆದರೆ, ಪುಷ್ಪಮಾಲಾ ತಮ್ಮ ದೇಹವನ್ನೇ ಒಡ್ಡಿ ಅಂತಹ ಚಿತ್ರಗಳ ಚೌಕಟ್ಟನ್ನು ಬಯಲಿಗೆಳೆಯುತ್ತಾರೆ.

ಎರಡಕ್ಕೂ ಮಿತಿಗಳುಂಟು. ಚೌಕಟ್ಟನ್ನು ಅಣಕಿಸುವ ಕಲೆ, ಅದರೊಳಗೆ ಹಿಂದೆ ಹೆಸರಿಲ್ಲದೆ ನಿಂತ ಮಹಿಳೆಗೆ ದನಿ ಕೊಡಲಾರದು. ಕಾವೇರಿಯ ಮಕ್ಕಳೆಂಬ ಉಜ್ವಲ ಪ್ರತಿಮೆಯಲ್ಲಿ ಕೊಡಗಿನ ಗದ್ದೆ ತೋಟಗಳಲ್ಲಿ ದುಡಿದ ಯರವರಿಗೆ ಸ್ಥಳ ಸುಲಭವಾಗಿ ದೊರೆಯುವುದಿಲ್ಲ. ಆದ್ದರಿಂದ ಆತ್ಮಚಿತ್ರದ ವಿಮರ್ಶೆಯು ಕಲಾವಿದನು ತನ್ನನ್ನು ಹೇಗೆ ತೋರಿಸಿಕೊಂಡನೆಂಬಲ್ಲಿಗೆ ನಿಲ್ಲದೆ, 'ತಾನು' ಎಂಬುದರೊಳಗೆ ಯಾರನ್ನು ಸೇರಿಸಿಕೊಂಡನೆಂಬುದನ್ನೂ ಪರಿಶೀಲಿಸಬೇಕಾಗುತ್ತದೆ.